ಅಂಗೈಯಗಲದ ಕೇಕು

ನನ್ನ ಬಾಯಲ್ಲಿ ಒಂದೇ ಒಂದು ಹುಳುಕು ಹಲ್ಲಿಲ್ಲ, ಇದೆಲ್ಲ ಶುರುವಾಗಿದ್ದೇ ಅದರಿಂದ. ಹಲ್ಲಿನ ಡಾಕ್ಟ್ರಮ್ಮನ ಹತ್ರ ಸಹಾಯಕಿಯಾಗಿ ಸೇರಿ ಎರಡನೇ ವಾರ. ಹೊಸ ಲೈಟು ಸರಿಯಾಗಿದೆಯಾ ನೋಡೋಣ ಅಂತ ನನ್ನನ್ನೇ ಕುರ್ಚಿ ಮೇಲೆ ಮಲಗಿಸಿ, ಪುಟ್ಟ ಕನ್ನಡಿ ಹಿಡ್ಕೊಂಡು ಮೂಲೆಮೂಲೆ ತಡಕಿದ್ರು. ಆಮೇಲೆ ಮಾಸ್ಕು ಕೆಳಗೆಳೆದು, "ನಿಮ್ಮಪ್ಪ ಬೇಕರಿ ಇಟ್ಟಿದಾರೆ ಅಂದ್ಯಲ್ಲ, ಸುಳ್ಳು ತಾನೆ?" ಅಂದ್ರು.

ಸುಳ್ಳಲ್ಲ. ಮನೆ ಕೆಳಗೇ ಬೇಕರಿ, ನಂಗೆ ದಿನಾ ಎಚ್ಚರ ಆಗೋದೇ ಬೆಣ್ಣೆ ಸಕ್ಕರೆ ವಾಸನೆಗೆ. ಆದ್ರೆ ಸಿಹಿ ನಂಗೆ ಆಗ್ಬರಲ್ಲ. ಒಂದು ತುಂಡು ಕೇಕ್ ತಿಂದ್ರೆ ಬೆವರು, ವಾಂತಿ, ಕೈಕಾಲು ನಡುಕ. ಹಣ್ಣು ತಿಂದ್ರೂ ಅದೇ ಕಥೆ. ಶಾಲೇಲಿ ಉಪ್ಪುಮೂಟೆ ಅಂತ ಹೆಸರಿಟ್ಟಿದ್ರು. ಅಪ್ಪ ಗಿರಾಕಿಗಳ ಮುಂದೆ, ನನ್ನ ವ್ಯಾಪಾರ ಮುಳುಗಿಸೋಕೆ ಹೊರಗಿನ ಶತ್ರು ಯಾರೂ ಬೇಡ, ಮನೇಲೇ ಹುಟ್ಟಿದಾಳೆ ಅಂತ ನಗಿಸೋರು.

ಡಾಕ್ಟ್ರಮ್ಮ ಮಾತ್ರ ನಗ್ಲಿಲ್ಲ. ಯಾವಾಗಿಂದ, ಎಷ್ಟು ತಿಂದ್ರೆ ಅಂತೆಲ್ಲ ಕೆದಕಿ ಕೇಳಿ, ದೊಡ್ಡಾಸ್ಪತ್ರೆಗೆ ಚೀಟಿ ಬರ್ಕೊಟ್ರು. ರಕ್ತ ಕೊಟ್ಟು ಬಂದೆ, ಆರು ವಾರಕ್ಕೆ ಕರೆದ್ರು.

ಅಲ್ಡೋಲೇಸ್ ಬಿ. ಅಲ್ಲಿನ ಡಾಕ್ಟ್ರು ಕಾಗದದ ಹಿಂದೆ ಚಿತ್ರ ಬರೆದೇ ತೋರಿಸಿದ್ರು. ಅದೊಂದು ಕಿಣ್ವ, ಲಿವರ್ ಒಳಗೆ ಕೂತಿರೋ ಕತ್ತರಿ ಅಂತಿಟ್ಕೋ ಅಂದ್ರು. ಹಣ್ಣಲ್ಲಿ, ಜೇನಲ್ಲಿ, ನಾವು ದಿನಾ ಹಾಕೋ ಸಕ್ಕರೆಯಲ್ಲಿ ಫ್ರಕ್ಟೋಸ್ ಅಂತ ಇರತ್ತೆ, ಲಿವರ್ ಅದನ್ನ ಒಂದು ಹಂತ ತಯಾರು ಮಾಡಿ ಈ ಕತ್ತರಿ ಕೈಗೆ ಕೊಡತ್ತೆ, ಕತ್ತರಿ ಎರಡು ಮಾಡತ್ತೆ. ನನ್ನ ಕತ್ತರಿ ಹುಟ್ಟಾ ಮೊಂಡು. ಕತ್ತರಿಸದೇ ಉಳಿದಿದ್ದು ಅಲ್ಲೇ ಗುಡ್ಡೆ ಬಿದ್ದು ಲಿವರನ್ನೇ ಹಾಳು ಮಾಡತ್ತಂತೆ.

ನಿಜ ಹೇಳ್ಬೇಕಂದ್ರೆ ನಂಗೆ ಕುಣಿಯೋಷ್ಟು ಖುಷಿ. ಇಪ್ಪತ್ತೊಂದು ವರ್ಷ ಎಲ್ರೂ ನಾಟಕ ಅಂದಿದ್ದಕ್ಕೆ ಈಗ ಹೆಸರಿದೆ, ಕಾಗದ ಇದೆ. ಸಾಲಾಗಿ ಹತ್ತು ಪ್ರಶ್ನೆ ಕೇಳಿದೆ. ಅವ್ರು ಒಂದು ಕೇಳಿದ್ರು. ಇದು ಅಪ್ಪಂದೊಂದು ಅಮ್ಮಂದೊಂದು ಕೆಟ್ಟ ಜೀನ್ ಸೇರಿದ್ರೆ ಮಾತ್ರ ಬರೋದು, ನಿಂಗೆ ಒಡಹುಟ್ಟಿದೋರು ಇದಾರಾ ಅಂತ.

ಅಕ್ಕ ಇದ್ಲು, ಏಳು ತಿಂಗಳಿಗೆ ಹೋದ್ಲು ಅಂದೆ. ಅವ್ರ ಪೆನ್ನು ನಿಂತಿತು. ನಂಗೂ ಅರ್ಥ ಆಯ್ತು.

ಅವಳನ್ನ ನಾನು ಪಾಪಕ್ಕ ಅಂತೀನಿ. ನನಗಿಂತ ದೊಡ್ಡವಳು, ಆದ್ರೆ ಪಾಪು ಆಗಿಯೇ ಉಳಿದವಳು. ಅವಳ ಹುಟ್ಟಿದಹಬ್ಬಕ್ಕೆ ಅಪ್ಪ ಪ್ರತಿ ವರ್ಷ ಅಂಗೈಯಗಲದ ಕೇಕು ಮಾಡಿ, ಮೇಲೆ ಕ್ರೀಮಲ್ಲಿ ಪಾಪು ಅಂತ ಬರೆದು ಗಾಜಿನ ಕಪಾಟಲ್ಲಿಡ್ತಾರೆ. ಯಾರು ಕೇಳಿದ್ರೂ ಮಾರಲ್ಲ. ಆವತ್ತು ಒಂದೇ ಕಥೆ ಹೇಳ್ತಾರೆ. ಬೆರಳಿಗೆ ಕ್ರೀಮ್ ಅದ್ದಿ ಬಾಯಿಗಿಟ್ರೆ ಪಾಪು ಚೀಪಿಚೀಪಿ ನಗ್ತಿತ್ತಂತೆ. ಐದು ತಿಂಗಳು ತುಂಬಿದ್ಮೇಲೆ ದಿನಾ. ಆಮೇಲೆ ವಾಂತಿ, ಹೊಟ್ಟೆ ಊತ, ಕಣ್ಣು ಹಳದಿ. ಸುಸ್ತಾಗಿದೆ ಅಂತ ಅಪ್ಪ ರಾತ್ರಿ ಹಗಲು ಕೂತು ಚಮಚದಲ್ಲಿ ಸಕ್ಕರೆ ನೀರು ಹಾಕಿದ್ರು. ಹೋದ್ಮೇಲೆ ಅಜ್ಜಿ, ತಾಯಿ ಹಾಲೇ ವಿಷ ಆಯ್ತು ಅಂದ್ಲು. ಅಪ್ಪಾನೂ ಒಂದ್ಸಲ ಅಮ್ಮನ ಮುಖಕ್ಕೆ ಅದನ್ನೇ ಅಂದ್ರಂತೆ. ಒಂದೇ ಸಲ.

ಮನೆಗೆ ಬಂದಾಗ ಅಮ್ಮ ಮಹಡಿ ಮೇಲೆ ಕೇಕಿನ ರಟ್ಟಿನ ಡಬ್ಬ ಮಡಿಸ್ತಾ ಇದ್ಲು. ಎಲ್ಲ ಒಂದೇ ಉಸಿರಿಗೆ ಹೇಳಿ, ನಿನ್ನ ಹಾಲಲ್ಲಮ್ಮ, ನಿನ್ನ ಹಾಲಿಗೂ ಅದಕ್ಕೂ ಸಂಬಂಧಾನೇ ಇಲ್ಲ ಅಂದೆ. ಅಳ್ತಾಳೆ ಅನ್ಕೊಂಡಿದ್ದೆ. ಅವಳು ಇನ್ನೊಂದು ಡಬ್ಬ ಮಡಿಸಿದ್ಲು.

ಅವಳಿಗೆ ಗುಮಾನಿ ಇತ್ತಂತೆ. ಅಪ್ಪನ ಬೆರಳು ಚೀಪಿದ ದಿನಾನೇ ವಾಂತಿ ಜಾಸ್ತಿ ಅಂತ ತಡವಾಗಿ ಹೊಳೀತಂತೆ. ಅದಕ್ಕೇ ನಾನು ಹುಟ್ಟಿದಾಗ ಎದೆಹಾಲು, ಅನ್ನದ ಗಂಜಿ ಬಿಟ್ಟು ಇನ್ನೊಂದು ಹತ್ರ ಸುಳಿಯೋಕೆ ಬಿಡ್ಲಿಲ್ಲ, ಅಪ್ಪನ ಬೆರಳೂ ಸೇರಿ.

"ಅಪ್ಪಂಗೆ ಹೇಳೋಣ. ಇಷ್ಟು ವರ್ಷ ಸುಮ್ಸುಮ್ನೆ ನಿನ್ನ ಮೇಲೆ..."

"ಬೇಡ ಮಗಳೇ. ನಂಗೆ ಹೊತ್ತು ಅಭ್ಯಾಸ ಆಗಿದೆ. ಅವರ ಹತ್ರ ಪಾಪುವಿನ ಆ ನಗು ಒಂದೇ ಇರೋದು."

ಹಾಗಾಗಿ ಏನು ತಿನ್ಬೇಕು, ಏನು ತಿನ್ಬಾರ್ದು ಅಂತ ಆಸ್ಪತ್ರೆಯವರು ಕೊಟ್ಟಿದ್ದ ಎರಡು ಹಾಳೆಯಲ್ಲಿ ಒಂದನ್ನೇ ಅಪ್ಪಂಗೆ ಕೊಟ್ಟೆ. ಎಳೆ ಮಕ್ಕಳ ವಿಷಯ ಇದ್ದ ಎರಡನೇದನ್ನ ಬಟ್ಟೆ ಕೆಳಗಿಟ್ಟೆ. ಅಪ್ಪ ಮಗು ಥರ ಖುಷಿಪಟ್ರು. ಇಷ್ಟು ದಿನ ನಾನೇ ಪೆದ್ದ, ಇನ್ಮೇಲೆ ನನ್ನ ಮಗಳಿಗೆ ಅಂತಲೇ ಸಕ್ಕರೆ ಇಲ್ಲದ ಬನ್ ಮಾಡ್ತೀನಿ ಅಂದ್ರು. ಆದ್ರೆ ಅವ್ರು ಈಸ್ಟನ್ನ ಗ್ರಾಮ್ ಲೆಕ್ಕದಲ್ಲಿ ತೂಗೋ ಮನುಷ್ಯ. ಹಾಳೆ ಕೆಳಗೆ ಪುಟ ಒಂದು ಅಂತಿತ್ತು, ಎರಡೆಲ್ಲಿ ಅಂದ್ರು. ಆಸ್ಪತ್ರೆಯವರು ಕೊಡ್ಲಿಲ್ಲ ಅಂದೆ. ಅದೇ ನಾನು ಮಾಡಿದ ತಪ್ಪು. ಕೊಡ್ಲಿಲ್ಲ ಅಂದ್ರೆ ಅಪ್ಪ ಕೇಳೇ ಕೇಳ್ತಾರಲ್ಲ.

ಪಾಪಕ್ಕನ ಹುಟ್ಟಿದಹಬ್ಬದ ಮಧ್ಯಾಹ್ನ ಆಸ್ಪತ್ರೆಗೇ ಫೋನ್ ಮಾಡಿ ಕೇಳಿದ್ರು. ಒಂದು ಕೈ ತುಂಬ ಹಿಟ್ಟು, ಇನ್ನೊಂದರಲ್ಲಿ ಕ್ರೀಮಿನ ಕೋನ್, ಅದಕ್ಕೇ ಫೋನ್ ಮೇಜಿನ ಮೇಲೆ ಸ್ಪೀಕರಲ್ಲಿತ್ತು. ನಾನು ಕೆಲಸ ಮುಗಿಸಿ ಒಳಗೆ ಬಂದೆ, ಅಮ್ಮ ಡಬ್ಬಗಳ ಕಟ್ಟು ಹಿಡ್ಕೊಂಡು ಮೆಟ್ಟಿಲಿಳೀತಿದ್ಲು. ಪಥ್ಯ ಹೇಳೋ ಆಸ್ಪತ್ರೆಯ ಹುಡುಗಿ ದನಿ. ತುಂಬ ಒಳ್ಳೇ ದನಿ. ಬರೀ ಗ್ಲುಕೋಸ್ ಪರವಾಗಿಲ್ಲ ಸರ್, ಮೈದಾ ಸರಿ, ಜೇನು ಬೇಡ. ಆಮೇಲೆ ಅವಳೇ ನೆನಪು ಮಾಡ್ಕೊಂಡು ಹೇಳಿದ್ಲು.

"ಎರಡನೇ ಪುಟ ಮುಂದಕ್ಕೆ ಸರ್, ನಿಮ್ಮ ಮಗಳಿಗೆ ಮಕ್ಕಳಾದ್ರೆ. ಪರೀಕ್ಷೆ ಮಾಡಿಸೋವರೆಗೂ ಪಾಪು ನಾಲಿಗೆಗೆ ಸಕ್ಕರೆ ಸೋಕಿಸ್ಬೇಡಿ. ಈ ತೊಂದರೆ ಇದ್ರೆ ದಿನಾ ಒಂಚೂರು ಕೊಟ್ರೂ ಎಳೇ ಲಿವರ್ ತಡಿಯಲ್ಲ."

ಅಪ್ಪ ಥ್ಯಾಂಕ್ಸ್ ಅಮ್ಮ ಅಂದ್ರು. ಫೋನ್ ಅದಾಗೇ ಆಫ್ ಆಯ್ತು.

ಅವ್ರು ನನ್ನ ಕಡೆ ತಿರುಗ್ಲೇ ಇಲ್ಲ. ಮೆಟ್ಟಿಲ ಮೇಲಿದ್ದ ಅಮ್ಮನ್ನೇ ನೋಡಿದ್ರು.

"ನಿಂಗೊತ್ತಿತ್ತು."

ಅಮ್ಮ ಡಬ್ಬಗಳ ಕಟ್ಟನ್ನ ಮೆಟ್ಟಿಲ ಮೇಲಿಟ್ಲು.

"ಗೊತ್ತಿದ್ದೂ, ನಾನು ನಿನ್ನ ಹಾಲು ಅಂದಾಗ..."

"ಬಿಡ್ರೀ," ಅಂದ್ಲು ಅಮ್ಮ. "ಪ್ರೀತಿಗೇ ಕೊಟ್ರಿ."

ಅಪ್ಪ ಕೋನ್ ಕೆಳಗಿಟ್ಟು ಸಿಂಕ್ ಹತ್ರ ಹೋದ್ರು. ಸೋಪು ಹಚ್ಚಿ ಕೈ ತೊಳೆದ್ರು. ಹಿಟ್ಟೆಲ್ಲ ಹೋಯ್ತು, ಆಮೇಲೂ ತೊಳೀತಾನೇ ಇದ್ರು. ಕೈಯೆಲ್ಲ ಅಲ್ಲ, ಬಲಗೈ ತೋರುಬೆರಳು ಒಂದನ್ನೇ, ಪಾತ್ರೆ ಉಜ್ಜೋ ಬ್ರಶ್ ತಗೊಂಡು. ಅಮ್ಮ ಬಂದು ನಲ್ಲಿ ನಿಲ್ಲಿಸಿದ್ಲು. ಅವ್ರು ತಿರುಗಿಸಿದ್ರು. ಅವಳು ಮತ್ತೆ ನಿಲ್ಲಿಸಿ, ಬ್ರಶ್ ಕಿತ್ಕೊಂಡು, ಕೆಂಪಾದ ಆ ಬೆರಳನ್ನ ಟವೆಲಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡ್ಕೊಂಡ್ಲು. ಅಪ್ಪ ಅವಳ ಹೆಗಲಿಗೆ ತಲೆಯಿಟ್ಟು ನಿಂತೇ ಇದ್ರು. ಮುಂದೆ ಅಂಗಡೀಲಿ ಯಾರೋ ಗಂಟೆ ಒತ್ತಿದ್ರು, ಮತ್ತೆ ಒತ್ತಿದ್ರು. ನಾನೇ ಹೋಗಿ ಇವತ್ತು ಇಲ್ಲ ಅಂತ ಹೇಳಿ ಬಾಗಿಲು ಹಾಕಿ ಬಂದೆ.

ಮೇಜಿನ ಮೇಲೆ ಕೇಕು ಹಾಗೇ ಇತ್ತು. ಪಾ ಅಂತ ಅಷ್ಟೇ ಬರೆದಾಗಿತ್ತು.