ಅತ್ತೆಯ ಗಂಟಲಿಗೆ ಪುದೀನ

ಬಸ್ ನಿಲ್ದಾಣದ ಹೊರಬಾಗಿಲಿಗೆ ಅಂಟಿಕೊಂಡಿದ್ದ ಪುದೀನಣ್ಣನ ಚಹಾದಂಗಡಿ ಎಷ್ಟು ಚಿಕ್ಕದೆಂದರೆ, ಒಳಗೆ ನಿಂತವನಿಗೆ ಸೀನು ಬಂದರೆ ಮೂಗನ್ನು ಬೀದಿಗೆ ಚಾಚಬೇಕಿತ್ತು. ಅದರ ಪರಿಮಳ ಮಾತ್ರ ಎಷ್ಟು ದೊಡ್ಡದೆಂದರೆ, ಮೂರು ಬೀದಿ ಆಚೆ ಎದ್ದವರು ಕೂಡ ಆಗಲೇ ಹಲ್ಲುಜ್ಜಿ ಆಯಿತೆಂದು ತಿಳಿದು ಹಾಗೇ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಅಂಗಡಿಯ ಹಿಂದಿನ ಗೋಡೆಯ ಬದಿಗೆ ಹಳೆಯ ಬಣ್ಣದ ಡಬ್ಬಗಳನ್ನು ಸಾಲಾಗಿ ಇಟ್ಟು ಅವನು ಪುದೀನ ಬೆಳೆಸುತ್ತಿದ್ದ. ಡಬ್ಬವೇ ಯಾಕೆಂದರೆ, ಪುದೀನವನ್ನು ನೆಲಕ್ಕೆ ಬಿಟ್ಟರೆ ಅದು ಬೇರು ಚಾಚಿಕೊಂಡು ಊರನ್ನೇ ನುಂಗುತ್ತದೆ. ಹಿಂದೊಮ್ಮೆ ಒಂದು ಕಡ್ಡಿ ಡಬ್ಬದಿಂದ ಜಾರಿ, ಕಲ್ಲುಹಾಸಿನ ಅಡಿಯಲ್ಲೇ ತೆವಳಿಕೊಂಡು ಹೋಗಿ, ಟಿಕೆಟ್ ಕಿಟಕಿಯ ಮುಂದೆ ತಲೆಯೆತ್ತಿ ಸಾಲಿನಲ್ಲಿ ನಿಂತಿತ್ತು.

ಡಬ್ಬಕ್ಕೊಂದು ಜಾತಿ. ಮೊದಲನೆಯದು ಎಲ್ಲರ ಅಡುಗೆಮನೆಯ ಮಾಮೂಲಿ ಪುದೀನ: ಚೂಪು ಎಲೆ, ಅಂಚಿಗೆ ಗರಗಸದ ಹಲ್ಲು, ಸಾಧು ವಾಸನೆ. ಅದರ ಪಕ್ಕದ್ದು ತುಪ್ಪುಳದ ಎಲೆಯದು. ದುಂಡಗೆ, ಬೆಕ್ಕಿನ ಕಿವಿಯಷ್ಟು ಮೆತ್ತಗೆ, ಹಿಸುಕಿದರೆ ಸೇಬಿನ ವಾಸನೆ. ಇನ್ನೊಂದಕ್ಕೆ ನಿಂಬೆಯ ಘಮ. ಕೊನೆಯ ಡಬ್ಬದ್ದು ಅವನ ಪಟ್ಟದಾನೆ. ದಂಟು ನೇರಳೆ, ಎಲೆ ಕಡುಹಸಿರು, ಬಾಯಿಗಿಟ್ಟರೆ ಮೊದಲು ಖಾರ, ಆಮೇಲೆ ಮಂಜುಗಡ್ಡೆ. ಪೆಪ್ಪರ್‌ಮಿಂಟ್ ಮಿಠಾಯಿಗೆ ಜೀವ ಕೊಡುವುದು ಈ ಜಾತಿಯೇ. ಬೀಜದಿಂದ ಇದು ಬೆಳೆಯುವುದಿಲ್ಲ. ಕಡ್ಡಿ ಮುರಿದು ನೆಟ್ಟರಷ್ಟೇ ವಂಶ ಮುಂದುವರಿಯುತ್ತದೆ. ಅದರ ಎರಡು ಎಲೆ ಬಿದ್ದ ಚಹಾ ಕುಡಿದ ಡ್ರೈವರ್ ಬಾಯಿ ತೆರೆದು ಉಸಿರು ಬಿಟ್ಟರೆ ಬಸ್ಸಿನ ಮುಂಗಾಜು ಮಬ್ಬಾಗುತ್ತಿತ್ತು.

"ಹೊಟ್ಟೆ ಉಬ್ಬರಾನಾ? ಮಾಮೂಲಿ ಪುದೀನ. ಬಸ್ಸಲ್ಲಿ ವಾಂತಿ ಬರುತ್ತಾ? ನಿಂಬೆದು ಮೂಸ್ತಾ ಕೂತ್ಕೊಳ್ಳಿ. ಮೂಗು ಕಟ್ಟಿದೆಯಾ? ನೇರಳೆ ದಂಟಿನ ಹಬೆ ತಗೊಳ್ಳಿ, ಮೂಗಲ್ಲ, ನಿಮ್ಮ ಮನೆ ಮೋರಿ ಕೂಡ ತೆರೆದುಕೊಳ್ಳುತ್ತೆ," ಎನ್ನುತ್ತಿದ್ದ ಪುದೀನಣ್ಣ. ಇದರಲ್ಲಿ ಮುಕ್ಕಾಲು ಪಾಲು ನಿಜವೇ ಇತ್ತು. ಉಳಿದ ಕಾಲು ಪಾಲನ್ನು ಅವನು ಮುಕ್ಕಾಲಿನಷ್ಟೇ ಗಟ್ಟಿಯಾಗಿ ಹೇಳುತ್ತಿದ್ದುದೇ ತೊಂದರೆ.

ಅವನ ಅತ್ತೆ, ಎಂದರೆ ಹೆಂಡತಿಯ ತಾಯಿ, ಅದೇ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುವವರು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಮಗಳು ಅಳಿಯನ ಜೊತೆಗೇ ವಾಸ. ಆಕೆಯ ಧ್ವನಿಯ ಬಗ್ಗೆ ಸುಳ್ಳು ಹೇಳುವ ಅಗತ್ಯ ಪುದೀನಣ್ಣನಿಗೂ ಬಿದ್ದಿರಲಿಲ್ಲ. "ಪ್ರಯಾಣಿಕರ ಗಮನಕ್ಕೆ" ಎಂದು ಆಕೆ ಶುರು ಮಾಡಿದರೆ ಅಳುವ ಮಕ್ಕಳು ಬಾಯಿ ಮುಚ್ಚುತ್ತಿದ್ದವು, ಜಗಳವಾಡುವ ಗಂಡ ಹೆಂಡಿರು ಮುಂದಿನ ಬೈಗುಳವನ್ನು ಕೈಯಲ್ಲೇ ಹಿಡಿದು ಕಾಯುತ್ತಿದ್ದರು, ಕೆಟ್ಟು ನಿಂತ ಬಸ್ಸು ಕೂಡ ಒಮ್ಮೆ ಗುರ್ ಎಂದು ನೋಡುತ್ತಿತ್ತು.

ಆ ಧ್ವನಿ ಒಂದು ಬೆಳಿಗ್ಗೆ ಒಡೆಯಿತು. ಬಂದರಿಗೆ ಹೋಗುವ ಬಸ್ಸನ್ನು ಕೂಗುವಾಗ, ಹಳೆಯ ಬಾಗಿಲಿನ ಕೀಲು ತಿರುಗಿದಂಥ ಸದ್ದು ಬಂತು. ಮರುದಿನವೂ ಹಾಗೇ. ನಿಲ್ದಾಣಕ್ಕೆ ಹೊಸದಾಗಿ ಬಂದಿದ್ದ ಮ್ಯಾನೇಜರಿಗೆ ಇಷ್ಟೇ ಸಾಕಾಗಿತ್ತು. ಮೊದಲೇ ರೆಕಾರ್ಡ್ ಮಾಡಿದ ಧ್ವನಿಯಲ್ಲಿ ತಾನೇ ಬಸ್ಸು ಕೂಗುವ ಯಂತ್ರವೊಂದು ಅವರ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಕೂತಿತ್ತು. ವಾರದ ಕೊನೆಗೆ ತಮ್ಮ ಎದುರು ಕೂತು ಬೆಳಗಿನ ಬಸ್ಸುಗಳನ್ನೆಲ್ಲ ಕೂಗಬೇಕು, ಧ್ವನಿ ಒಡೆಯದಿದ್ದರೆ ಸರಿ, ಒಡೆದರೆ ಮೈಕು ಯಂತ್ರಕ್ಕೆ ಎಂದು ಅವರು ಹೇಳಿಬಿಟ್ಟರು.

ಅತ್ತೆ ಆ ಸಂಜೆ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಹೋದ್ರೆ ಹೋಗ್ಲಿ ಬಿಡಮ್ಮ, ಮನೇಲಿ ಆರಾಮಾಗಿರು," ಎಂದಳು ಮಗಳು, ಹೊಲಿಗೆ ಯಂತ್ರ ತುಳಿಯುತ್ತ.

"ಆರಾಮಾಗಿ ಕೂತು ಏನು ಮಾಡ್ಲಿ? ನಿನ್ನ ಗುಂಡಿ ಎಣಿಸ್ಲಾ? ಆ ಮೈಕಿನ ಮುಂದೆ ಇದ್ರೆ ನಾನು ಇಡೀ ಊರಿಗೆ ಬೇಕಾದವಳು ಕಣೇ. ಎದ್ದು ಬಂದ್ರೆ ಬರೀ ಕೆಮ್ಮೋ ಮುದುಕಿ."

ಪುದೀನಣ್ಣನ ಎದೆ ಕಲಕಿತು. ಕಲಕಿದ ಎದೆ ನೇರ ಡಬ್ಬಗಳತ್ತ ಓಡಿತು. "ಅತ್ತೆ, ನೀವು ಚಿಂತೆ ಮಾಡ್ಬೇಡಿ. ಗಂಟಲು ನನಗೆ ಬಿಡಿ. ಕೋಗಿಲೆ ಬಂದು ನಿಮ್ಮ ಹತ್ರ ಪಾಠ ಹೇಳಿಸ್ಕೊಳ್ಳೋ ಹಾಗೆ ಮಾಡ್ತೀನಿ."

"ರೀ, ಮೊದಲು ಡಾಕ್ಟರಿಗೆ ತೋರಿಸೋಣ," ಎಂದಳು ಹೆಂಡತಿ.

"ಡಾಕ್ಟರೇ ನನ್ನ ಅಂಗಡೀಲಿ ಚಹಾ ಕುಡಿಯೋದು!" ಎಂದ ಅವನು. ಅಲ್ಲಿಗೆ ವಾದ ಮುಗಿಯಿತು.

ಮೊದಲು ಮಾಮೂಲಿ ಪುದೀನದ ಕಷಾಯ ಕೊಟ್ಟ. ಕುಡಿದ ಕೂಡಲೇ ಗಂಟಲು ತಣ್ಣಗಾಗಿ ಅತ್ತೆ, "ಹಾಯ್ ಅನ್ನಿಸ್ತು ಅಳಿಯಂದಿರೇ," ಎಂದರು. ಅದು ಸುಳ್ಳಲ್ಲ, ಪುದೀನ ಗಂಟಲನ್ನು ತಂಪು ಮಾಡಿಯೇ ಮಾಡುತ್ತದೆ. ಆದರೆ ಬೆಳಗಾಗುವಷ್ಟರಲ್ಲಿ ಕೀಲಿನ ಸದ್ದು ಇನ್ನಷ್ಟು ಜೋರಾಗಿತ್ತು. ಕಷಾಯ ಸಾಲದೆಂದು ಅವನು ತುಪ್ಪುಳದ ಎಲೆಗೆ ಏರಿದ. ಅದಕ್ಕೂ ಹಾಯ್, ಬೆಳಿಗ್ಗೆ ಮತ್ತೆ ಕೀಲು. ನಿಂಬೆದಕ್ಕೂ ಹಾಗೇ. ಕೊನೆಗೆ ಪಟ್ಟದಾನೆಯನ್ನೇ ಬಿಟ್ಟ. ನೇರಳೆ ದಂಟಿನ ಕಷಾಯ ಊಟಕ್ಕೆ ಮೊದಲು, ಊಟದ ಜೊತೆಗೆ, ಊಟದ ಮೇಲೆ, ಮಲಗುವಾಗ. ಕೊನೆಯ ಡಬ್ಬ ಬೋಳಾಯಿತು. ಅತ್ತೆ ಉಸಿರು ಬಿಟ್ಟರೆ ಮನೆಯ ಸೊಳ್ಳೆಗಳು ಕಂಬಳಿ ಹುಡುಕುತ್ತಿದ್ದವು.

ಅತ್ತೆ ಒಂದು ವಿಷಯವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಪ್ರತಿ ಲೋಟದ ಬೆನ್ನಿಗೇ ಎದೆಯಲ್ಲಿ ಒಲೆ ಹೊತ್ತಿಕೊಳ್ಳುತ್ತಿತ್ತು. ಮಲಗಿದರೆ ಹುಳಿನೀರು ಗಂಟಲವರೆಗೆ ಬಂದು ಹೋಗುತ್ತಿತ್ತು. ಅಳಿಯ ತನ್ನ ಕೈಯಾರೆ ಕಾಸಿ, ಸೋಸಿ, ತಟ್ಟೆಯಲ್ಲಿಟ್ಟು ತಂದದ್ದನ್ನು ಬೇಡವೆನ್ನುವುದು ಹೇಗೆ? ಲೋಟ ಖಾಲಿಯಾದದ್ದನ್ನು ಕಂಡ ಅಳಿಯ ಮುಂದಿನ ಲೋಟಕ್ಕೆ ಇನ್ನೊಂದು ಹಿಡಿ ಎಲೆ ಹಾಕುತ್ತಿದ್ದ. ಅತ್ತೆಯ ಮರ್ಯಾದೆ, ಅಳಿಯನ ಉತ್ಸಾಹ, ಎರಡೂ ಸೇರಿ ಒಂದು ಗಂಟಲನ್ನು ಅರೆದು ಹಾಕಿದವು.

ಪರೀಕ್ಷೆಗೆ ಒಂದು ದಿನ ಉಳಿದಾಗ ಹೆಂಡತಿ ಯಾರ ಮಾತನ್ನೂ ಕೇಳದೆ ತಾಯಿಯನ್ನು ಎದುರಿನ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಪುದೀನಣ್ಣನೂ ಹಿಂದೆ ಹೋದ, ಡಾಕ್ಟರಮ್ಮನಿಗೆ ನಾಲ್ಕು ವಿಷಯ ಹೇಳಿಕೊಡೋಣವೆಂದು. ಆಕೆ ಗಂಟಲೊಳಗೆ ದೀಪ ಬಿಟ್ಟು ನೋಡಿದರು.

"ಎದೆ ಉರಿ ಇದೆಯಾಮ್ಮಾ?"

ಅತ್ತೆ ಅಳಿಯನ ಕಡೆ ನೋಡಿ, "ಸ್ವಲ್ಪ," ಎಂದರು.

"ಹೊಟ್ಟೆಯ ಹುಳಿ ಮೇಲಕ್ಕೆ ಬಂದು ಗಂಟಲನ್ನ ಸುಡ್ತಾ ಇದೆ. ಅದಕ್ಕೇ ಧ್ವನಿ ಹೋಗಿದೆ. ಪುದೀನ, ಪೆಪ್ಪರ್‌ಮಿಂಟ್, ಆ ತರಹದ್ದು ಏನಾದ್ರೂ ತಗೊಳ್ತೀರಾ?"

"ಅಪರೂಪಕ್ಕೆ ಒಂದೆಲೆ," ಎಂದರು ಅತ್ತೆ.

"ಒಂದೆಲೆಯಾ?" ಎಂದಳು ಮಗಳು. "ಡಾಕ್ಟ್ರೇ, ಈ ವಾರ ಇವಳು ತೋಟಾನೇ ಮೇಯ್ದಿದ್ದಾಳೆ. ಹಸು ಆಗಿದ್ರೆ ಇಷ್ಟೊತ್ತಿಗೆ ಹಸಿರು ಹಾಲು ಕೊಡ್ತಿದ್ಲು."

ಡಾಕ್ಟರಮ್ಮ ನಗಲಿಲ್ಲ. ಹೊಟ್ಟೆಯ ಮೇಲ್ಗಡೆ ಒಂದು ಬಾಗಿಲಿದೆ, ತಿಂದದ್ದು ಕೆಳಗೇ ಇರಲೆಂದು ಅದು ಬಿಗಿಯಾಗಿ ಮುಚ್ಚಿರುತ್ತದೆ, ಪುದೀನ ಆ ಬಾಗಿಲನ್ನು ಸಡಿಲಿಸುತ್ತದೆ ಎಂದು ವಿವರಿಸಿದರು. ಹೊಟ್ಟೆ ಉಬ್ಬರದವನಿಗೆ ಇದೇ ಗುಣ, ತೇಗು ಬಂದು ಹಗುರಾಗುತ್ತದೆ. ಎದೆಯುರಿಯವರಿಗೆ ಇದೇ ಶತ್ರು. ಅದರಲ್ಲೂ ಖಾರದ ಜಾತಿ ಇನ್ನೂ ಜೋರು. "ಪೂರ್ತಿ ನಿಲ್ಲಿಸಿ. ಬೇಗ ಊಟ ಮಾಡಿ, ತಲೆಯ ಕಡೆ ಮಂಚ ಎತ್ತರಿಸಿ ಮಲಗಿ, ಈ ಮಾತ್ರೆ ತಗೊಳ್ಳಿ. ಧ್ವನಿ ಬರುತ್ತೆ, ಆದ್ರೆ ನಾಳೆಗಲ್ಲ. ಎರಡು ಮೂರು ವಾರನಾದ್ರೂ ಬೇಕು."

ನಾಳೆಯೇ ಪರೀಕ್ಷೆ. ಪುದೀನಣ್ಣನ ಮುಖ ಕುದಿಸಿ ಹಿಂಡಿದ ಎಲೆಯಂತಾಯಿತು. ಮೆಟ್ಟಿಲಿಳಿಯುವಾಗ ಅತ್ತೆ, "ನೀವು ಬೇಜಾರು ಮಾಡ್ಕೋಬೇಡಿ. ಮ್ಯಾನೇಜರ್ ಹತ್ರ ಶೀತ ಅಂತ ಹೇಳಿದ್ರಾಯ್ತು," ಎಂದು ಪಿಸುಗುಟ್ಟಿದರು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಬೀದಿ ದಾಟಿ ಬಂದವನೇ ಒಲೆಯ ಮೇಲಿದ್ದ ಕಷಾಯವನ್ನೆಲ್ಲ ಮೋರಿಗೆ ಸುರಿದ.

ಮರುದಿನ ಅತ್ತೆಗಿಂತ ಮೊದಲು ಅವನೇ ಮ್ಯಾನೇಜರ ಕೋಣೆಗೆ ನುಗ್ಗಿದ. ಪರೀಕ್ಷೆ ನೋಡಲು ಬಾಗಿಲ ತುಂಬ ಡ್ರೈವರ್ ಕಂಡಕ್ಟರುಗಳು. ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಇಟ್ಟಾಗಿತ್ತು.

"ಸಾಹೇಬ್ರೇ, ಇವತ್ತು ನಮ್ಮತ್ತೆ ಗಂಟಲು ಕೆಟ್ಟಿರೋದು ವಯಸ್ಸಿಗಲ್ಲ. ನನ್ನ ಪುದೀನದಿಂದ. ನಾನೇ ಕುಡಿಸಿ ಕುಡಿಸಿ ಹಾಳು ಮಾಡ್ದೆ. ನಿಲ್ಲಿಸಿದ್ರೆ ಸರಿಹೋಗುತ್ತಂತೆ. ಸ್ವಲ್ಪ ಟೈಮ್ ಕೊಡಿ."

ಬಾಗಿಲಲ್ಲಿದ್ದ ಒಬ್ಬ ಮೀಸೆಯ ಡ್ರೈವರ್ ತೊಡೆ ತಟ್ಟಿಕೊಂಡ. "ನೋಡ್ರಪ್ಪಾ! ಪುದೀನಣ್ಣಂದು ಇದು ಹೊಸದು! ಇಷ್ಟು ದಿನ ಸತ್ತೋರನ್ನ ಎಬ್ಬಿಸ್ತಿತ್ತು, ಇವತ್ತಿಂದ ಬದುಕಿದೋರ ಬಾಯಿ ಮುಚ್ಚಿಸುತ್ತಂತೆ!"

"ನಂಗೊಂದು ಕಟ್ಟು ಕೊಡಣ್ಣ," ಎಂದ ಒಬ್ಬ ಕಂಡಕ್ಟರ್. "ನಮ್ಮತ್ತೆಗೂ ಕುಡಿಸ್ತೀನಿ!"

ನಗು ಗೋಡೆಗೆ ಬಡಿದು ಗಡಿಯಾರ ಓರೆಯಾಯಿತು. "ನಿಜ ಕಣ್ರೋ, ಆಣೆಗೂ ನಿಜ!" ಎಂದು ಪುದೀನಣ್ಣ ಕೂಗಿದಷ್ಟೂ ನಗು ಏರಿತು. ಆಣೆ ಹಾಕಿ ಅವನು ಏನೇನು ಹೇಳಿದ್ದನೋ ಎಲ್ಲರಿಗೂ ನೆನಪಿತ್ತು. ಜೀವಮಾನದಲ್ಲಿ ಬಡಾಯಿಯಿಲ್ಲದೆ ಆಡಿದ ಮೊದಲ ಮಾತನ್ನು ಊರು ಅವನ ಅತಿ ದೊಡ್ಡ ಬಡಾಯಿ ಎಂದು ತೀರ್ಮಾನಿಸಿತು.

ಆಗ ಅತ್ತೆ ಒಳಗೆ ಬಂದರು. "ಅಳಿಯಂದಿರು ಹೇಳ್ತಿರೋದು ನಿಜ ಸಾಹೇಬ್ರೇ," ಎಂದರು, ಕೀಲಿನ ಧ್ವನಿಯಲ್ಲಿ. "ಶೀತ ಅಂತ ಹೇಳೋಣ ಅಂತಿದ್ದೆ. ಅವರೇ ಹೀಗೆ ನಿಂತ ಮೇಲೆ ನಾನ್ಯಾಕೆ ಸುಳ್ಳು ಹೇಳ್ಲಿ? ಡಾಕ್ಟರು ಹೇಳಿದ್ದು. ಎದೆಯುರಿ ಇರೋರಿಗೆ ಪುದೀನ ಆಗಲ್ವಂತೆ, ಉರಿ ಇನ್ನೂ ಏರುತ್ತಂತೆ."

ಮ್ಯಾನೇಜರ ಕೈ ತಾನಾಗಿಯೇ ತಮ್ಮ ಎದೆಯ ಮೇಲೆ ಹೋಯಿತು. "ಏನಂದ್ರಿ?"

"ಉರಿ ಏರುತ್ತಂತೆ."

"ಏನಯ್ಯಾ," ಎಂದು ಅವರು ಪುದೀನಣ್ಣನ ಕಡೆ ತಿರುಗಿದರು. "ಬಂದಾಗಿಂದ ಎದೆ ಉರೀತಿದೆ ಅಂತ ನಿಂಗೆ ಹೇಳಿದ್ದೆ. ನೀನೇನಂದೆ?"

"ನೇರಳೆ ದಂಟು ಡಬಲ್ ಹಾಕಿ ಅಂದೆ, ಸಾರ್."

"ಹಾಕಿದ್ಮೇಲೂ ಉರಿ ಅಂದೆ. ಆಗ?"

"ತ್ರಿಬಲ್ ಅಂದೆ."

ಬಾಗಿಲಲ್ಲಿದ್ದವರ ನಗು ಥಟ್ಟನೆ ನಿಂತಿತು. ಮ್ಯಾನೇಜರು ಮೇಜಿನ ಮೇಲಿದ್ದ ಅರ್ಧ ಲೋಟ ಪುದೀನ ಚಹಾವನ್ನು ಹಾವನ್ನು ನೋಡುವಂತೆ ನೋಡಿ, ಬೆರಳ ತುದಿಯಿಂದ ದೂರ ತಳ್ಳಿದರು.

"ಸರಿ. ಇವತ್ತಿಂದ ನಾನೂ ಬಿಡ್ತೀನಿ. ಮೂರು ವಾರಕ್ಕೆ ನನ್ನ ಉರಿ ಇಳಿದ್ರೆ ನಿನ್ನ ಮಾತು ನಿಜ, ಇವರ ಪರೀಕ್ಷೆ ಆಗ ಮಾಡ್ತೀನಿ. ಇಳೀಲಿಲ್ವೋ, ಈ ಯಂತ್ರ ಇವರ ಜಾಗಕ್ಕೆ ಹೋಗುತ್ತೆ, ನಿನ್ನ ಡಬ್ಬಗಳು ರಸ್ತೆಗೆ ಹೋಗುತ್ತವೆ."

ಹೀಗೆ ಒಬ್ಬರ ಗಂಟಲು ಇನ್ನೊಬ್ಬರ ಹೊಟ್ಟೆಯ ಕೈಗೆ ಸಿಕ್ಕಿತು. ಪುದೀನಣ್ಣ ಅಷ್ಟೂ ದಿನ ಎರಡೂ ಕಡೆ ಕಾವಲು ನಿಂತ. ಮನೆಯಲ್ಲಿ ಅತ್ತೆಯ ಮಂಚಕ್ಕೆ ತಲೆಯ ಕಡೆಯ ಕಾಲುಗಳ ಅಡಿ ಇಟ್ಟಿಗೆ ಕೊಟ್ಟ. ಅವನ ಪ್ರಕಾರ ಅದು ಬೆಟ್ಟದ ಇಳಿಜಾರಿನಷ್ಟಿತ್ತು, ಅತ್ತೆ ಬೆಳಿಗ್ಗೆ ಪಾದದ ಕಡೆ ರಾಶಿಯಾಗಿರುತ್ತಿದ್ದರು. ನಿಲ್ದಾಣದಲ್ಲಿ ಮ್ಯಾನೇಜರು ಕರಿದ ತಿಂಡಿಯ ಗಾಡಿಯತ್ತ ಕಣ್ಣು ಹಾಯಿಸಿದರೆ ಸಾಕು, ಇವನು ಅಂಗಡಿ ಬಿಟ್ಟು ಓಡಿ ನಡುವೆ ನಿಲ್ಲುತ್ತಿದ್ದ. "ಸಾರ್, ನಿಮ್ಮ ಹೊಟ್ಟೆ ಈಗ ನಿಮ್ಮೊಬ್ಬರದಲ್ಲ, ನಮ್ಮ ಮನೇದೂ ಹೌದು."

ಅಂಗಡಿಯಲ್ಲೂ ಕೈ ಬಿಗಿಯಿತು. ನೇರಳೆ ದಂಟಿನ ಚಹಾ ಕೇಳಿದವನಿಗೆ, "ಎದೆ ಉರಿಯುತ್ತಾ? ಹುಳಿತೇಗು ಬರುತ್ತಾ?" ಎಂದು ಪೊಲೀಸನಂತೆ ವಿಚಾರಿಸಿ, ಹೌದೆಂದರೆ ಲೋಟ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಮೀಸೆಯ ಡ್ರೈವರಿಗಂತೂ ಎಲೆ ಮೂಸಲೂ ಕೊಡಲಿಲ್ಲ.

ಮೂರನೇ ವಾರ ಮುಗಿದ ಮೇಲೆ ಮ್ಯಾನೇಜರು ಎದೆ ಮುಟ್ಟಿ, ಬೆನ್ನು ಮುಟ್ಟಿ, ಒಂದು ತೇಗು ತೇಗಿ ನೋಡಿ, ಮುಖ ಗಂಟಿಕ್ಕಿಕೊಂಡೇ, "ಇಳಿದಿದೆ," ಎಂದರು. ಅತ್ತೆ ಮೈಕಿನ ಮುಂದೆ ಕೂತರು. ಪುದೀನಣ್ಣ ಕಿಟಕಿಯ ಹೊರಗೆ ಸರಳು ಹಿಡಿದು ನಿಂತಿದ್ದ. ಆ ಸರಳುಗಳ ಮೇಲೆ ಅವನ ಬೆರಳಿನ ಗುರುತು ಇನ್ನೂ ಇದೆ.

"ಪ್ರಯಾಣಿಕರ ಗಮನಕ್ಕೆ," ಎಂದರು ಅತ್ತೆ.

ಮೊದಲ ಅಕ್ಷರದಲ್ಲಿ ಕೊಂಚ ಮರಳಿನ ಗರಗರ ಇತ್ತು. ಎರಡನೆಯದರಲ್ಲಿ ಅದೂ ಇರಲಿಲ್ಲ. ಬಂದರಿನ ಬಸ್ಸು, ಗಿರಣಿಯ ಬಸ್ಸು, ಆಸ್ಪತ್ರೆಯ ಬಸ್ಸು, ಒಂದೊಂದಾಗಿ ಕೂಗಿ ಮುಗಿಸುವವರೆಗೆ ಎಲ್ಲಿಯೂ ಕೀಲು ಸದ್ದು ಮಾಡಲಿಲ್ಲ. ಹೊರಡಬೇಕಾದ ಬಸ್ಸುಗಳೆಲ್ಲ ಕೇಳುತ್ತ ನಿಂತುಬಿಟ್ಟದ್ದರಿಂದ ಅಂದು ಊರಿಗೆ ಊರೇ ಕೆಲಸಕ್ಕೆ ತಡವಾಯಿತು. ಮ್ಯಾನೇಜರು ಯಂತ್ರವನ್ನು ಮರಳಿ ಪೆಟ್ಟಿಗೆಗೆ ಹಾಕಿಸಿದರು.

ಮಧ್ಯಾಹ್ನ ಅಂಗಡಿಯಲ್ಲಿ ಮೀಸೆಯ ಡ್ರೈವರ್ ಕೆಣಕಿದ. "ಏನಣ್ಣಾ, ಕೊನೆಗೂ ನಿನ್ನ ಪುದೀನದ ಬಂಡವಾಳ ಬಯಲಾಯ್ತಲ್ಲ?"

"ಬಂಡವಾಳನಾ?" ಎಂದ ಪುದೀನಣ್ಣ, ಸೌಟನ್ನು ರಾಜದಂಡದಂತೆ ಎತ್ತಿ. "ಬೇರೆ ಔಷಧಿ ಕುಡಿದ್ರೆ ಮಾತ್ರ ಗುಣ. ನಂದು ಕುಡಿದ್ರೂ ಗುಣ, ಬಿಟ್ರೂ ಗುಣ! ಬಿಟ್ಟ ಮಾತ್ರಕ್ಕೆ ಮ್ಯಾನೇಜರ ಎದೆ, ನಮ್ಮತ್ತೆ ಗಂಟಲು, ಎರಡೂ ಒಟ್ಟಿಗೆ ವಾಸಿಯಾಯ್ತು. ಭೂಮಿ ಮೇಲೆ ಇನ್ನೊಂದು ಇಂಥ ಎಲೆ ತೋರಿಸು ನೋಡೋಣ."

ಅಷ್ಟರಲ್ಲಿ ನೆತ್ತಿಯ ಮೇಲಿನ ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು.

"ಪ್ರಯಾಣಿಕರ ಗಮನಕ್ಕೆ. ಎದೆಯುರಿ ಇರುವವರು ಹೊರಬಾಗಿಲ ಬಳಿಯ ಅಂಗಡಿಯಲ್ಲಿ ಬಿಸಿನೀರು ಮಾತ್ರ ಕೇಳಿ ಪಡೆಯತಕ್ಕದ್ದು."

ಇಡೀ ನಿಲ್ದಾಣ ಅಂಗಡಿಯತ್ತ ತಿರುಗಿತು. ಹೊಲಿಗೆ ಯಂತ್ರ ಬಿಟ್ಟೆದ್ದು ಹೆಂಡತಿ ಮೇಲಿನ ಕೋಣೆಯ ಕಿಟಕಿಯಲ್ಲಿ ತಲೆ ಹಾಕಿ, "ಕೇಳಿಸ್ತೇನ್ರೀ?" ಎಂದಳು.

ಪುದೀನಣ್ಣ ಮೀಸೆಯ ಡ್ರೈವರಿಗೆ ಒಂದು ಲೋಟ ಬಿಸಿನೀರು ಬಗ್ಗಿಸಿ ಕೊಟ್ಟ. ಆಮೇಲೆ ಲೋಟದ ಹಬೆಯನ್ನು ಒಂದು ಗಳಿಗೆ ನೋಡಿ, ಬಿಸಿನೀರಿನಲ್ಲಿ ಐದು ಜಾತಿಗಳಿವೆ ಎಂದು ಶುರು ಮಾಡಿದ.