ಕೆಂಪು ಗೆರೆಗೆ ಸಾಕ್ಷಿ

ನಮ್ಮ ಕೊಡೆ ಕಾರ್ಖಾನೆಯ ಗೇಟಿನಲ್ಲೊಂದು ಹಲಗೆ ನೇತಾಡುತ್ತಿತ್ತು: ‘ತಡವಾದವರು ಕಾರಣಕ್ಕೆ ಸಾಕ್ಷಿ ತರಬೇಕು. ಇಲ್ಲದಿದ್ದರೆ ಕೆಂಪು ಗೆರೆ. ಮೂರು ಗೆರೆ ಬಿದ್ದವರಿಗೆ ಕೆಲಸವಿಲ್ಲ.’ ನಾನು ಕೊಡೆಯ ಕಡ್ಡಿಗಳಿಗೆ ಬಟ್ಟೆ ಹೊಲಿಯುವವಳು. ಮನೆಯಲ್ಲಿ ಅಜ್ಜಿ ಮತ್ತು ನಾನು. ಇಬ್ಬರ ಹೊಟ್ಟೆಪಾಡೂ ಆ ಸೂಜಿಯ ಮೇಲೇ.

ಮೊದಲ ಸಲ ಬಾಗಿಲ ಚಿಲಕ ಕಚ್ಚಿಕೊಂಡು ತಡವಾಯಿತು. ಬಾಗಿಲನ್ನೇ ಕಳಚಿ ಹೊತ್ತು ತಂದೆ. ಹಾಜರಿ ಗುಮಾಸ್ತನನ್ನು ನಾವು ಮುಳ್ಳು ಎಂದೇ ಕರೆಯುತ್ತಿದ್ದೆವು, ಅಷ್ಟು ಸಣಕಲು. ಅವನು ಕಿರುಬೆರಳು ತಾಗಿಸಿದ್ದೇ ತಡ, ಚಿಲಕ ಬೆಣ್ಣೆಯ ಹಾಗೆ ಸರಿಯಿತು.

“ಸಾಕ್ಷಿ ಉಲ್ಟಾ ಹೊಡೀತಲ್ಲಮ್ಮಾ!” ಎಂದು ಗೆರೆ ಎಳೆದು, ಬಾಗಿಲಿಗೆ ಚೀಟಿ ಅಂಟಿಸಿ ದಾಖಲೆ ಕೋಣೆಗೆ ಸಾಗಿಸಿದ. ಅಂದಿನಿಂದ ನಮ್ಮ ಮನೆಗೆ ಹಳೇ ದುಪ್ಪಟಿಯೇ ಬಾಗಿಲು.

ಎರಡನೇ ಸಲ ಓಣಿಗೆ ಅಡ್ಡ ನಿಂತ ಕತ್ತೆ. ಅದನ್ನೂ ಹೇಗೋ ಪುಸಲಾಯಿಸಿ ಕರೆತಂದೆ. ಓಣಿಯಲ್ಲಿ ಒಂದು ಗೊರಸೂ ಎತ್ತದಿದ್ದದ್ದು, ಮುಳ್ಳು “ನಡಿ” ಎಂದೊಡನೆ ತಾನಾಗಿ ದಾಖಲೆ ಕೋಣೆ ಹೊಕ್ಕು ನಮ್ಮ ಬಾಗಿಲ ಪಕ್ಕ ನಿಂತಿತು. ಎರಡನೇ ಗೆರೆ.

ಮೂರನೇ ಸಲದ ಕಾರಣ ಅಜ್ಜಿ. ನನ್ನ ತಲೆ ಬಾಚುತ್ತ ಕಥೆ ಹೇಳುತ್ತಿದ್ದಳು. ಕಥೆಯ ಸೊಸೆ ಬಾವಿಯೊಳಗೆ ಹಗ್ಗ ಹಿಡಿದು ತೂಗಾಡುತ್ತಿದ್ದಾಗಲೇ ಎಂಟರ ಸೈರನ್ ಕೂಗಿತು. ಎದ್ದೆ.

“ಅವಳನ್ನ ಬಾವೀಲಿ ಬಿಟ್ಟು ಹೋಗ್ತೀಯಾ? ಎಂಥ ಹೆಣ್ಣೇ ನೀನು!”

ಸೊಸೆ ಮೇಲೆ ಬಂದಾಗ ಒಂಬತ್ತೂವರೆ.

ಅಜ್ಜಿಯನ್ನೇ ಸಾಕ್ಷಿಗೆ ಕರೆತಂದೆ. ಮೂರನೇ ಗೆರೆಯಾದ್ದರಿಂದ ವಿಚಾರಣೆ ಮ್ಯಾನೇಜರ ಮುಂದೆ, ಮಧ್ಯಾಹ್ನದ ಬಿಡುವಿನಲ್ಲಿ. “ಅಜ್ಜೀ, ಅಲ್ಲಿ ಕೈ ಕೊಡಬೇಡ” ಎಂದು ಗೋಗರೆದೆ.

“ನಾನೇನು ಕತ್ತೆನಾ?”

ಮ್ಯಾನೇಜರು ಕೋಟಿನ ಗುಂಡಿ ಸರಿಪಡಿಸಿಕೊಂಡು ಕೇಳಿದರು: “ಒಂದು ಕಥೆಗೆ ಒಂದೂವರೆ ಗಂಟೆ ಆಗತ್ತೇನಮ್ಮಾ?”

“ಹೇಳಿ ತೋರಿಸ್ತೀನಿ, ಮಗಾ.”

ಸೊಸೆ ಬಾವಿಗೆ ಇಳಿದಳು. ಹಗ್ಗ ಎಳೆಯೆಳೆಯಾಗಿ ಬಿಚ್ಚತೊಡಗಿತು. ಬಿಡುವು ಮುಗಿದ ಸೈರನ್ ಕೂಗಿದಾಗ ಮ್ಯಾನೇಜರು ಏಳಹೋದರು. ಅಜ್ಜಿ ನೋಡಿದಳು. ಕುಳಿತರು.

“ಕೈ ಜಾರ್ತಿದೆ ಅಂತೀರಲ್ಲ, ಬೇಗ ಮೇಲೆ ತನ್ನಿ!” ಎಂದರು ಮ್ಯಾನೇಜರು.

“ಬೇಗ ಎಳೆದ್ರೆ ಹಗ್ಗ ಹರಿಯತ್ತೆ. ಸುಮ್ನಿರು.”

ಮುಳ್ಳು ಮೇಜಿನ ಅಂಚನ್ನು ಹಗ್ಗದಂತೆ ಬಿಗಿ ಹಿಡಿದಿದ್ದ. ಸೊಸೆ ದಡ ಹತ್ತಿದಾಗ ಗಂಟೆ ಮೂರು. ಇಬ್ಬರೂ ಕಣ್ಣೊರೆಸಿಕೊಂಡರು. ಆಮೇಲೆ ಮುಳ್ಳು ರೂಢಿಯಂತೆ ಹಾಜರಿ ಪುಸ್ತಕ ತೆರೆದು, ಬಿಡುವು ಮುಗಿದ ಮೇಲೂ ಕೂತದ್ದಕ್ಕೆ ಮ್ಯಾನೇಜರ ಹೆಸರಿಗೆ ಒಂದು ಗೆರೆ ಎಳೆದ. ತನ್ನ ಹೆಸರಿಗೊಂದು. ನನ್ನ ಹೆಸರಿನ ಮೇಲೆ ಪೆನ್ನು ಬಂದಿತು.

“ನನಗೂ ಹಾಕಿದೆಯೇನಯ್ಯಾ?” ಮ್ಯಾನೇಜರು ಬಗ್ಗಿ ನೋಡಿದರು.

“ನಿಯಮ ಸಾರ್.”

“ಹಾಗಾದ್ರೆ ಆ ಪುಟ ಹರಿ.”

“ಹರಿದದ್ದು ಸಿಕ್ಕಿದ್ರೆ ಅದೇ ಸಾಕ್ಷಿ, ಸಾರ್.”

ಮ್ಯಾನೇಜರು ತಾವೇ ಪುಟ ಕಿತ್ತು ದಾಖಲೆ ಕೋಣೆಗೆ ನಡೆದು ಕತ್ತೆಯ ಬಾಯಿಗೆ ಹಿಡಿದರು. ಕತ್ತೆ ಈ ಸಲ ಉಲ್ಟಾ ಹೊಡೆಯಲಿಲ್ಲ. ನನ್ನ ಎರಡು ಗೆರೆಗಳನ್ನೂ ಸೇರಿಸಿಯೇ ನಿಧಾನವಾಗಿ ಅಗಿದು ನುಂಗಿತು.

ಅಜ್ಜಿ ನಮ್ಮ ಬಾಗಿಲನ್ನು ಕತ್ತೆಯ ಬೆನ್ನಿಗೇರಿಸಿ ಮನೆಗೆ ಹೊಡೆದುಕೊಂಡು ಬಂದಳು.

ಮರುದಿನ ಏಳಕ್ಕೇ ಬಾಗಿಲು ಬಡಿದ ಸದ್ದು. ಮ್ಯಾನೇಜರು.

“ಅವಳನ್ನ ಬಾವಿಗೆ ಇಳಿಸಿದ್ದು ಯಾರು ಅಂತ ಅಜ್ಜಿ ಹೇಳಲೇ ಇಲ್ಲ” ಎನ್ನುತ್ತ ಒಳಬಂದು, ಬಾಗಿಲು ಹಾಕಿ ಕುಳಿತರು.

ಎಂಟಕ್ಕೆ ಹತ್ತು ನಿಮಿಷವಿದ್ದಾಗ ನಾನು ಚಿಲಕಕ್ಕೆ ಕೈ ಹಾಕಿದೆ. ಅಲುಗಲಿಲ್ಲ. ಮ್ಯಾನೇಜರು ಎಳೆದರು, ಒದ್ದರು. ದೂರದಲ್ಲಿ ಸೈರನ್ ಕೂಗಿತು.

ಅವರು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು.

“ಸ್ಕ್ರೂಡ್ರೈವರ್ ಎಲ್ಲಿದೆ? ನೀನು ಆ ಕಡೆ ಹಿಡ್ಕೋ.”