ಹತ್ತೊಂಬತ್ತು ಸೆಕೆಂಡಿನ ಹಾಡು

ಚರ್ಚಿನಿಂದ ಅಮ್ಮ ಇಷ್ಟು ಬೇಗ ಬರುತ್ತಾಳೆಂದು ನೆವೆಂಕಾ ಎಣಿಸಿರಲಿಲ್ಲ. ಮೊದಲೆಲ್ಲ ಪಕ್ಕದ ಮನೆಯ ರೊಸೀನಾ ಜೊತೆ ನಿಂತು ನಿಂತು ಮಾತಾಡಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಫೆಬ್ರವರಿಯಲ್ಲಿ ಅಪ್ಪ ತೀರಿಕೊಂಡ ಮೇಲೆ ಅಮ್ಮ ಆ ಮನೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಡುಗೆಮನೆಯ ಮೇಜಿನ ತುಂಬ ಕಾಗದ, ಕತ್ತರಿ, ಅಂಟು. ಅವರ ಬ್ಯಾಂಡಿನ ಮೊದಲ ರೆಕಾರ್ಡು; ಐನೂರು ಪ್ರತಿಗಳಿಗೆ ಕವರು ಮಡಚಿ ಅಂಟಿಸಬೇಕಿತ್ತು. ಹಾಡುವ ಅವಳ ತಮ್ಮ ಬ್ರಾಂಕೊ, ಡ್ರಮ್ ಬಾರಿಸುವ ಗಿಲ್ಬರ್ಟ್ ಇಬ್ಬರೂ ಬೆಳಿಗ್ಗೆಯಿಂದ ಕೂತು ಮುಗಿಸಿದ್ದು ನಲವತ್ತು. ಅದರಲ್ಲಿ ನೆಟ್ಟಗಿದ್ದದ್ದು ಹತ್ತಿರಬಹುದು.

ಅಮ್ಮ ಕಪ್ಪು ಕೋಟನ್ನೂ ತೆಗೆಯದೆ ಒಂದನ್ನು ಎತ್ತಿ ನೋಡಿದಳು. ಸ್ಯಾನ್ ಪೆಡ್ರೊ ಬಂದರಿನ ಮೀನಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಡಬ್ಬಿಗಳಿಗೆ ಚೀಟಿ ಅಂಟಿಸಿದವಳು. ಸೊಟ್ಟ ಅಂಚು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ.

"ಇದೇನ್ರೋ ಇದು, ಮಡಚಿದ್ದಾ, ಮುದುಡಿದ್ದಾ?"

"ಪಂಕ್ ಸಂಗೀತ ಅಂದ್ರೆ ಹೀಗೇ ಒರಟಾಗಿರ್ಬೇಕು, ಮಿಸೆಸ್ ಲುಕ್ಷಿಚ್," ಎಂದ ಗಿಲ್ಬರ್ಟ್.

"ಅಂದ್ರೆ ಸೋಮಾರಿಗಳು ಅಂತ ತಾನೆ? ಸರಿ ಆಚೆ."

ಕುರ್ಚಿ ಎಳೆದುಕೊಂಡು ಕೂತು, ಚಮಚದ ಬೆನ್ನಿನಿಂದ ಮಡಿಕೆಯ ಮೇಲೆ ಒಮ್ಮೆ ಎಳೆದಳು. ಕವರು ಅಂಗಡಿಯದರ ಹಾಗೆ ನಿಂತಿತು. ಐದಾರು ಆದ ಮೇಲೆ ಒಂದನ್ನು ದೂರ ಹಿಡಿದು ಹಿಂಬದಿ ಓದಿದಳು. ಒಂಬತ್ತು ಹಾಡು, ಎಲ್ಲ ಸೇರಿ ಆರು ನಿಮಿಷ. ಎಂಟನೆಯದರ ಹೆಸರು 'ಅಪ್ಪನ ಆರ್ಡರ್‌ಗಳು'.

ಚಮಚ ನಿಂತಿತು. "ಇದು ಯಾರ ಅಪ್ಪ?"

"ನಮ್ಮಪ್ಪ," ಎಂದು ಗಿಲ್ಬರ್ಟ್ ಥಟ್ಟನೆ ಹೇಳಿದ.

"ನಿಮ್ಮಪ್ಪ ಬಾಯಿ ಬಿಟ್ಟಿದ್ದನ್ನ ಈ ಬೀದೀಲಿ ಯಾರೂ ನೋಡಿಲ್ಲ. ಅವನೇನು ಆರ್ಡರ್ ಕೊಟ್ಟಾನು?"

ಬ್ರಾಂಕೊ ತಲೆ ಎತ್ತಲಿಲ್ಲ. "ನಮ್ಮಪ್ಪಂದೇ ಅಮ್ಮ."

"ತಮಾಷೆ ಮಾಡಿದ್ದೀಯಾ?"

"ಒಂಬತ್ತೂ ತಮಾಷೇನೇ."

ಅಮ್ಮ ಕೈಯ ಅಂಟನ್ನು ನಿಧಾನವಾಗಿ ಒರೆಸಿಕೊಂಡಳು. "ಹಾಕು, ಕೇಳ್ತೀನಿ. ಸತ್ತೋನ್ನ ಆಡಿಕೊಂಡು ಊರನ್ನೆಲ್ಲ ನಗಿಸಿದ್ದೀಯ ಅಂತಾದ್ರೆ, ನಿನ್ನ ಗಂಟುಮೂಟೆ ಇವತ್ತೇ ಕಟ್ಟು."

ಧ್ವನಿ ಏರಿರಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದ್ದನ್ನು ಅಮ್ಮ ಮಾಡದೆ ಬಿಟ್ಟದ್ದು ನೆವೆಂಕಾಗೆ ನೆನಪಿರಲಿಲ್ಲ. ಆ ಹಾಡಿಗೆ ಬೇಸ್ ಗಿಟಾರ್ ನುಡಿಸಿದವಳು ಅವಳೇ; ಪ್ರತಿ ಮಾತೂ ಗೊತ್ತಿತ್ತು. ಒಂದೇ ಸಮಾಧಾನವೆಂದರೆ, ಅದು ಬೇರೆ ಯಾರಿಗೂ ತಿಳಿಯುವಂತಿರಲಿಲ್ಲ. ಬ್ರಾಂಕೊ ಅದನ್ನು ಹಾಡಿರಲಿಲ್ಲ, ಉಗುಳಿದ್ದ. ಗಿಲ್ಬರ್ಟ್‌ಗೂ ಅರ್ಧ ಮಾತು ಇವತ್ತಿಗೂ ತಿಳಿಯದು. ಹತ್ತೊಂಬತ್ತು ಸೆಕೆಂಡು, ಬರೀ ಗದ್ದಲ, ಕಳೆದುಹೋಗುತ್ತದೆ ಎಂದುಕೊಂಡಳು.

ನಡುಮನೆಯಲ್ಲಿ ಅಪ್ಪನ ದೊಡ್ಡ ಮರದ ರೆಕಾರ್ಡ್ ಪ್ಲೇಯರ್ ಎಂಟು ತಿಂಗಳಿಂದ ಮುಚ್ಚಿತ್ತು. ಸಾವಿನ ಮನೆಯಲ್ಲಿ ವರ್ಷ ತುಂಬುವವರೆಗೆ ಸಂಗೀತವಿಲ್ಲ. ಅದರ ಮೇಲಿನ ಕಸೂತಿ ಬಟ್ಟೆ, ಅಪ್ಪನ ಫೋಟೊ ಎರಡನ್ನೂ ಅಮ್ಮ ತಾನೇ ತೆಗೆದಳು. ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದ ಅಂಚಿಗೆ ಕೂತಳು. ನೆವೆಂಕಾ ಮುಚ್ಚಳ ಎತ್ತಿ ಪುಟ್ಟ ರೆಕಾರ್ಡನ್ನಿಟ್ಟು, ಎಂಟನೆಯ ಹಾಡಿನ ಮೇಲೆ ಮುಳ್ಳು ಇಳಿಸಿದಳು. ಅಪ್ಪ ತನ್ನ ಊರ ಹಾಡುಗಳ ದೊಡ್ಡ ತಟ್ಟೆಗಳನ್ನು ಮಾತ್ರ ಹಾಕುತ್ತಿದ್ದ. ಅವು ನಿಧಾನವಾಗಿ ತಿರುಗಬೇಕಾದವು, ಈ ಪುಟ್ಟದು ಬೇಗ. ವೇಗದ ಗುಂಡಿ ಅವನು ಬಿಟ್ಟಲ್ಲೇ ಇತ್ತು. ಅದನ್ನು ತಿರುಗಿಸಲು ಅವಳು ಮರೆತಳು.

ಡ್ರಮ್ಮು, ಭಾರದ ಬೂಟು ಹಾಕಿದವನೊಬ್ಬ ಮೆಟ್ಟಿಲು ಹತ್ತಿದ ಹಾಗೆ ಬಂತು. ಅದರ ಮೇಲೆ ಒಂದು ದಪ್ಪ ಧ್ವನಿ. ಒಂದೊಂದು ಮಾತೂ ಬಿಡಿಬಿಡಿಯಾಗಿ.

"ಸೂಪು ಆರಿದೆ. ಕೂದಲು ಕತ್ತರಿಸ್ಕೋ. ಆ ಗಿಟಾರು ಬಲೆ ಎಳೆಯುತ್ತಾ? ಬಾಗಿಲು ಹಾಕು. ಬಾಗಿಲು ಹಾಕು. ಬಾಗಿಲು ಹಾಕ್ಕೊಂಡು ಹೋಗು."

ನೆವೆಂಕಾ ಗುಂಡಿಯತ್ತ ಕೈ ಚಾಚಿದಳು.

"ಬಿಡು," ಎಂದಳು ಅಮ್ಮ.

ಬಾಗಿಲಲ್ಲಿ ನಿಂತಿದ್ದ ಬ್ರಾಂಕೊನ ಮುಖ ಬಿಳಿಚಿತು. ಅದು ಅವನ ಕೀರಲು ಗಂಟಲಾಗಿರಲಿಲ್ಲ. ದಕ್ಕೆಯ ಮೇಲೆ ನಿಂತು ದೋಣಿಯವರನ್ನು ಕೂಗುತ್ತಿದ್ದ, ಉಪ್ಪುಗಾಳಿ ಕುಡಿದ ಅಪ್ಪನ ಅದೇ ಧ್ವನಿ. ತನ್ನೊಳಗೆ ಅದಿತ್ತೆಂದು ಅವನಿಗೇ ಗೊತ್ತಿರಲಿಲ್ಲ.

"ಇನ್ನೊಂದ್ಸಲ."

ಮೂರು ಸಲ ಕೇಳಿದಳು. ಆಮೇಲೆ ನೆವೆಂಕಾ ಮುಳ್ಳು ಎತ್ತಿ ಹಿಡಿದು ನಿಂತಳು.

"ಸೂಪಿನ ಮಾತು ದಿನಾ ಅಂತಿದ್ದ," ಎಂದಳು ಅಮ್ಮ. "ಕೂದಲಿಂದೂ ಸರಿ. ಈ ಬಾಗಿಲಿಂದು ಯಾವಾಗ ಅಂದ?"

ಬ್ರಾಂಕೊ ಬಾಗಿಲ ಚೌಕಟ್ಟಿಗೆ ಒರಗಿದ. "ಅವತ್ತು ಬೆಳಿಗ್ಗೆ. ನಾನು ಪ್ರಾಕ್ಟೀಸಿಗೆ ಹೊರಟಿದ್ದೆ. ಅಪ್ಪ ಕಾಫಿ ಕುಡೀತಾ ಕೂತಿದ್ದ. ಗಾಳಿ ಬರುತ್ತೆ, ಬಾಗಿಲು ಹಾಕ್ಕೊಂಡು ಹೋಗು ಅಂದ."

"ಹಾಕಿದ್ಯಾ?"

"ಇಲ್ಲ. ಬೇಕಂತಲೇ ಬಿಟ್ಟು ಹೋದೆ. ಅದೇ ಕೊನೇ ಮಾತು ಅಮ್ಮ. ನಗೋ ಹಾಗೆ ಮಾಡಿದ್ರೆ ಹೇಗಾದ್ರೂ ಇದನ್ನ ಹೇಳ್ಬಹುದು ಅಂದ್ಕೊಂಡೆ."

ಅಮ್ಮ ಫೋಟೊದ ಗಾಜನ್ನು ಹೆಬ್ಬೆರಳಿನಿಂದ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

"ನಾನು ಬಂದಾಗ ಬಾಗಿಲು ತೆರೆದಿತ್ತು," ಎಂದಳು. "ಎದೆ ನೋವು ಬಂದು ತಾನೇ ಹೋಗಿ ತೆಗೆದಿದ್ದಾನೆ, ರೊಸೀನಾನ ಕೂಗಿದ್ದಾನೆ, ಅವಳು ಕೇಳಿಸಿಕೊಂಡೂ ಬಂದಿಲ್ಲ, ವಾಪಸ್ ಬಂದು ಕುರ್ಚೀಲಿ ಕೂತು ಸತ್ತಿದ್ದಾನೆ ಅಂದ್ಕೊಂಡಿದ್ದೆ. ಎಂಟು ತಿಂಗಳು ದಿನಾ ಅದೇ ನೋಡಿದ್ದೀನಿ ಕಣೋ. ಬಾಗಿಲಲ್ಲಿ ನಿಂತು ಕೂಗೋದನ್ನ."

"ಅಮ್ಮ—"

"ಅವನು ಎದ್ದೇ ಇರ್ಲಿಲ್ಲ ಹಾಗಾದ್ರೆ. ಕಾಫಿ ಕುಡೀತಾ ಕೂತಲ್ಲೇ ಹೋದ."

"ಬಾಗಿಲು ಹಾಕಿದ್ರೆ—"

"ಬಾಗಿಲಿಂದ ಬರೋ ಗಾಳಿಗೆ ಯಾರೂ ಸಾಯಲ್ಲ." ಅಮ್ಮನ ತುಟಿ ಒಂದು ಬದಿಗೆ ಸೊಟ್ಟಗಾಯಿತು. "ಅವನು ತನ್ನ ಜನ್ಮದಲ್ಲಿ ಒಂದು ಬಾಗಿಲು ಹಾಕಿದ್ದು ನಾನು ಕಂಡಿಲ್ಲ."

ಅಡುಗೆಮನೆಯಿಂದ ಗಿಲ್ಬರ್ಟ್ ಮೆಲ್ಲಗೆ ಕೂಗಿದ. "ಮಿಸೆಸ್ ಲುಕ್ಷಿಚ್, ಅದು ಅಷ್ಟು ನಿಧಾನದ ಹಾಡಲ್ಲ. ಸರಿಯಾಗಿ ಹಾಕಿ ಕೇಳಿಸ್ಲಾ?"

"ಅದು ನಿಮ್ಮೋರಿಗೆ. ನನಗೆ ಇದೇ ಸರಿ."

ಫೋಟೊವನ್ನು ಬ್ರಾಂಕೊನ ಕೈಗೆ ಕೊಟ್ಟು ಎದ್ದಳು. ಅಡುಗೆಮನೆಗೆ ಹೋಗಿ, ತಾನು ಮಡಚಿದ ಕವರುಗಳಲ್ಲಿ ಚೆನ್ನಾಗಿದ್ದದ್ದನ್ನು ಆರಿಸಿ ಒಳಗೊಂದು ರೆಕಾರ್ಡನ್ನಿಟ್ಟಳು.

"ಎಲ್ಲಿಗೆ?" ಎಂದಳು ನೆವೆಂಕಾ.

"ರೊಸೀನಾ ಮನೆಗೆ." ಹೊಸಿಲ ಬಳಿ ನಿಂತು ಮಗನತ್ತ ತಿರುಗಿದಳು. "ನೀನು ಮಿಕ್ಕಿದ್ದನ್ನ ಮಡಚು. ಚಮಚ ತಗೋ. ಅಂಚು ನೆಟ್ಟಗಿರ್ಲಿ."

ಬ್ರಾಂಕೊ ಫೋಟೊವನ್ನು ಮೇಜಿನ ಮೇಲೆ, ಅಂಟು ತಾಗದ ಕಡೆ ಒರಗಿಸಿಟ್ಟು ಚಮಚ ಎತ್ತಿಕೊಂಡ. ಆಚೆ ಅಂಗಳದಲ್ಲಿ ಅಮ್ಮನ ಹೆಜ್ಜೆ, ಆಮೇಲೆ ಪಕ್ಕದ ಮನೆಯ ಕದ ತಟ್ಟುವ ಸದ್ದು. ಬಂದರಿನ ಗಾಳಿಗೆ ಮೇಜಿನ ಮೇಲಿನ ಕಾಗದಗಳು ಎದ್ದು ಎದ್ದು ಬೀಳುತ್ತಿದ್ದವು. ಗಿಲ್ಬರ್ಟ್ ಅವನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ಅಮ್ಮ ತೆರೆದು ಹೋದ ಬಾಗಿಲನ್ನು ಹಾಕಲು ಯಾರೂ ಏಳಲಿಲ್ಲ.